ಸುಮ್ನೆ ಬಾಯಾಡಿಸು ಎಂದು ಯಾವ ಮಗುವಿಗೂ ಹೇಳಬೇಡಿ

ಮಾನ್ಯ ಸಂಪಾದಕರೇ,

ನಾನು ಸಂಗೀತದ ಟೀಚರ್. ಹಗಲು ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ವಾರಕ್ಕೊಂದು ಸಂಜೆ ದೊಡ್ಡವರ ಗಾಯನ ವೃಂದವೊಂದನ್ನು ಹಾಡಿಸುತ್ತೇನೆ. ಅದಕ್ಕೆ ಯಾರು ಬೇಕಾದರೂ ಸೇರಬಹುದು. ದನಿ ಪರೀಕ್ಷೆ ಮಾಡುವುದಿಲ್ಲ. ಮೊದಲೇ ಕಲಿತಿರಬೇಕು ಅಂತಲೂ ಇಲ್ಲ. ಈ ಎರಡೂ ಕೆಲಸ ಒಟ್ಟಿಗೆ ಮಾಡುವುದರಿಂದ ನನಗೊಂದು ವಿಷಯ ಎದ್ದು ಕಾಣುತ್ತದೆ. ಶಾಲೆಯಲ್ಲಿ ಮಗುವಿಗೆ ಆಡಿದ ಒಂದೇ ಒಂದು ಮಾತು, ಎಷ್ಟೋ ವರ್ಷ ಆದಮೇಲೆ, ಆ ಮನುಷ್ಯನನ್ನು ಏನು ಮಾಡಿಟ್ಟಿರುತ್ತದೆ ಅನ್ನುವುದನ್ನು ನಾನು ವಾರವಾರವೂ ನೋಡುತ್ತೇನೆ.

ಆ ಮಾತು ಇದು: "ನೀನು ಹಾಡಬೇಡ, ಸುಮ್ನೆ ಬಾಯಾಡಿಸು."

ದಯವಿಟ್ಟು ಇದನ್ನು ಯಾವ ಮಗುವಿಗೂ ಹೇಳಬೇಡಿ. ನಿಮ್ಮ ಪತ್ರಿಕೆ ಓದುವ ಅಪ್ಪ-ಅಮ್ಮಂದಿರನ್ನು, ಮೇಷ್ಟ್ರು-ಟೀಚರುಗಳನ್ನು, ಹಾಡಿನ ಸ್ಪರ್ಧೆ ನಡೆಸುವವರನ್ನು ಇಷ್ಟು ಕೇಳಿಕೊಳ್ಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಆದರೂ ಪೂರ್ತಿ ಓದಿ.

ವೃಂದಕ್ಕೆ ಹೊಸಬರು ಬಂದರೆ ಹೆಚ್ಚಿನವರು ಬಾಗಿಲಲ್ಲೇ ನಿಲ್ಲುತ್ತಾರೆ. "ಮೇಡಂ, ನನಗೆ ಹಾಡೋಕೆ ಬರಲ್ಲ. ಇವಳ ಜೊತೆಗೆ ಬಂದೆ ಅಷ್ಟೇ. ಒಂದು ಮೂಲೇಲಿ ಕೂತು ಕೇಳ್ತೀನಿ" ಅನ್ನುತ್ತಾರೆ. ಬರಲ್ಲ ಅಂತ ಯಾರು ಹೇಳಿದ್ರು ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಯಾವ ತರಗತಿ, ಯಾವ ಹಾಡು, ತಾವು ಎಷ್ಟನೇ ಸಾಲಿನಲ್ಲಿ ನಿಂತಿದ್ದೆವು, ಪಕ್ಕದಲ್ಲಿ ಯಾರಿದ್ದರು, ಎಲ್ಲವೂ ನೆನಪಿರುತ್ತದೆ. ನಮ್ಮಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಚಿಕ್ಕವರಿದ್ದಾಗ ಅವರಿಗೆ, "ನಿನ್ನೊಬ್ಬಳ ದನಿಯಿಂದ ಎಲ್ಲರದೂ ಕೆಡ್ತಿದೆ" ಅಂದಿದ್ದರಂತೆ. ಅಲ್ಲಿಗೆ ಮುಗಿಯಿತು. ಮುಂದೆ ತಮ್ಮ ಮಕ್ಕಳಿಗೆ ಜೋಗುಳ ಕೂಡ ಅವರು ಹಾಡಲಿಲ್ಲ. ಕ್ಯಾಸೆಟ್ ಹಾಕಿ ಮಲಗಿಸಿದರು. ತನ್ನ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡ ತಾಯಿ, ಹಾಡೋಕೆ ನಾಚಿಕೆ ಆಗಿ ಸುಮ್ಮನಿದ್ದಳು. ಇದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

"ಆದರೆ ಕೆಲವರಿಗೆ ನಿಜವಾಗಿಯೂ ಬರಲ್ಲ, ಅಲ್ವಾ?" ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಸ್ವರ ಏರಿತೋ ಇಳಿಯಿತೋ ಎಂದು ಗುರುತಿಸಲು ಆಗದವರು ಇದ್ದಾರೆ. ಹುಟ್ಟಿನಿಂದಲೇ ಬರುವ ಈ ತೊಂದರೆಗೆ ಅಮ್ಯೂಸಿಯಾ ಎಂದು ಹೆಸರು. ಆದರೆ ಅಂಥವರು ಎಷ್ಟು ಜನ? ಇಸಬೆಲ್ ಪೆರೆಟ್ಜ್ ಮತ್ತು ಡೊಮಿನಿಕ್ ವುವಾನ್ ಎಂಬ ಸಂಶೋಧಕರು ಸುಮಾರು 20 ಸಾವಿರ ಜನರ ಪರೀಕ್ಷೆಯನ್ನು ಆಧರಿಸಿ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ನೂರಕ್ಕೆ ಒಂದೂವರೆಯಷ್ಟು. ಅಂದರೆ ಮಕ್ಕಳು ತುಂಬಿರುವ ಒಂದು ತರಗತಿಯಲ್ಲಿ ಅಂಥ ಮಗು ಒಂದೂ ಇಲ್ಲದಿರುವುದೇ ಜಾಸ್ತಿ. ಆದರೆ "ಬಾಯಾಡಿಸು" ಅನ್ನಿಸಿಕೊಂಡ ಮಕ್ಕಳು ಪ್ರತಿ ತರಗತಿಯಲ್ಲೂ ನಾಲ್ಕಾರು ಸಿಗುತ್ತಾರೆ. ಅವರಿಗೆ ಏನಾಗಿದೆ ಹಾಗಾದರೆ? ಇದನ್ನೂ ನೋಡಿದ್ದಾರೆ. ಪೀಟರ್ ಫೋರ್ಡ್ರೆಶರ್ ಮತ್ತು ಸ್ಟೀವನ್ ಬ್ರೌನ್ ಎಂಬ ಸಂಶೋಧಕರು 2007ರಲ್ಲಿ ಬರೆದ ಲೇಖನದಲ್ಲಿ, ಶ್ರುತಿ ತಪ್ಪಿ ಹಾಡುವವರಲ್ಲಿ ಹೆಚ್ಚಿನವರ ಕಿವಿ ಸರಿಯಾಗಿಯೇ ಇರುತ್ತದೆ ಎಂದು ತೋರಿಸಿದರು. ಸ್ವರ ಅವರಿಗೆ ಚೆನ್ನಾಗಿ ಕೇಳಿಸುತ್ತದೆ. ಕೇಳಿದ್ದನ್ನು ಗಂಟಲಿಗೆ ತರುವುದು ಅಭ್ಯಾಸವಾಗಿಲ್ಲ. ಅಭ್ಯಾಸ ಆಗದ್ದನ್ನು ಅಭ್ಯಾಸ ಮಾಡಿಸುವುದಕ್ಕೇ ಅಲ್ವಾ ಶಾಲೆ ಇರುವುದು? ಓದಲು ತಡವರಿಸುವ ಮಗುವಿಗೆ "ನೀನು ಪುಸ್ತಕ ತೆರೆಯಬೇಡ, ಸುಮ್ನೆ ಹಾಳೆ ತಿರುವು" ಎಂದು ಯಾರೂ ಹೇಳುವುದಿಲ್ಲ.

ಅಭ್ಯಾಸ ಮಾಡಿಸುವುದು ಹೇಗೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ವರ್ಷಗಟ್ಟಲೆ ಬಸ್ ಓಡಿಸಿ ನಿವೃತ್ತರಾದವರೊಬ್ಬರು ವೃಂದಕ್ಕೆ ಬಂದರು. ಇಡೀ ಹಾಡನ್ನು ಒಂದೇ ಸ್ವರದಲ್ಲಿ ಹೇಳುತ್ತಿದ್ದರು. ಇಂಥವರ ಹತ್ತಿರ "ನಾನು ಹಾಡಿದ ಸ್ವರ ಹಿಡೀರಿ" ಅಂದರೆ ಕೆಲಸ ಕೆಡುತ್ತದೆ. ಅವರಿಗೆ ಇನ್ನಷ್ಟು ಹೆದರಿಕೆ ಆಗುತ್ತದೆ, ಗಂಟಲು ಇನ್ನಷ್ಟು ಬಿಗಿಯುತ್ತದೆ. "ನಿಮಗೆ ಸುಲಭವಾಗಿ ಬರೋ ಒಂದು ಸ್ವರ ಹಾಡಿ, ನಾವೇ ಅಲ್ಲಿಗೆ ಬರ್ತೀವಿ" ಅಂದೆ. ಅವರು ಬಾಯಿ ಮುಚ್ಚಿಕೊಂಡು "ಮ್‌‌" ಎಂದು ಎಳೆದರು. ಅದು ಯಾವ ಸ್ವರ ಎಂದು ಕೀಬೋರ್ಡಿನಲ್ಲಿ ಹುಡುಕಿದೆ. ನಾನು ಹೆಂಗಸು, ಅಷ್ಟು ಕೆಳಗೆ ನನ್ನ ದನಿ ಹೋಗುವುದಿಲ್ಲ. ನಾನು ಒಂದು ಸ್ಥಾಯಿ (ಕೆಳಗಿನ ಸ-ದಿಂದ ಮೇಲಿನ ಸ-ವರೆಗಿನ ಅಂತರ) ಮೇಲೆ ಅದೇ ಸ್ವರ ಹಾಡಿದರೆ ಹೊಸಬರಿಗೆ ಗಲಿಬಿಲಿ ಆಗುತ್ತದೆ. ಹಾಗಾಗಿ ಅವರಂಥದೇ ದನಿ ಇರುವ ಇನ್ನೊಬ್ಬರನ್ನು ಪಕ್ಕಕ್ಕೆ ಕರೆದು ಅದೇ ಸ್ವರ ಹಿಡಿಸಿದೆ.

ಎರಡು ದನಿ ಹತ್ತಿರ ಹತ್ತಿರ ಇದ್ದು ಇನ್ನೂ ಕೂಡದೆ ಇದ್ದಾಗ ಕಿವಿಯಲ್ಲಿ ಒಂದು ನಡುಕ ಕೇಳಿಸುತ್ತದೆ. ಒಂದು ದನಿ ಸೆಕೆಂಡಿಗೆ 110 ಸಲ, ಇನ್ನೊಂದು 113 ಸಲ ಕಂಪಿಸಿದರೆ ಆ ನಡುಕ ಸೆಕೆಂಡಿಗೆ ಮೂರು ಸಲ ಬರುತ್ತದೆ. ದನಿಗಳು ಹತ್ತಿರವಾದ ಹಾಗೆ ನಡುಕ ನಿಧಾನವಾಗುತ್ತದೆ. ಪೂರ್ತಿ ಕೂಡಿದಾಗ ನಿಂತೇ ಹೋಗುತ್ತದೆ. ಇದನ್ನು ಕೇಳಿಸಿಕೊಳ್ಳಲು ಸಂಗೀತ ಬರಬೇಕಾಗಿಲ್ಲ. ಅವರಿಗೂ ಕೇಳಿಸಿತು. ಹಾಡುತ್ತಿದ್ದವರು ನಿಲ್ಲಿಸಿ, "ಟೀಚರ್, ಈಗ ನನ್ನ ದನಿ ಎಲ್ಲಿ ಹೋಯ್ತು? ನನಗೇ ಕೇಳಿಸ್ಲಿಲ್ಲ" ಅಂದರು. ಅದೇ ಶ್ರುತಿ ಸೇರಿದ ಗುರುತು. ಅಲ್ಲಿಂದ ಒಂದು ಸ್ವರ ಮೇಲೆ, ಒಂದು ಸ್ವರ ಕೆಳಗೆ. ಆಮೇಲೆ "ಊ" ಎಂದು ಕೆಳಗಿನಿಂದ ಮೇಲಕ್ಕೆ ದನಿ ಜಾರಿಸುವುದು. ಮಾತಾಡುವಾಗ ನಾವು ಇದನ್ನು ದಿನವಿಡೀ ಮಾಡುತ್ತೇವೆ. "ಹೌದಾ?" ಎಂದು ಆಶ್ಚರ್ಯದಿಂದ ಕೇಳಿ ನೋಡಿ, ದನಿ ತಾನಾಗಿ ಏರುತ್ತದೆ. ದನಿ ಏರಿಸೋದು ಅವರಿಗೆ ಮೊದಲೇ ಗೊತ್ತಿತ್ತು. ಅದು ಗೊತ್ತಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ ಅಷ್ಟೇ. ಈಗ ಅವರು ಕೆಳದನಿಯವರ ಸಾಲಿನಲ್ಲಿ ನಿಲ್ಲುತ್ತಾರೆ. ಗಂಭೀರವಾದ ತುಂಬು ದನಿ. ಅವರು ಬರದ ದಿನ ಆ ಸಾಲು ತೆಳ್ಳಗೆ ಕೇಳಿಸುತ್ತದೆ.

ಮಕ್ಕಳ ವಿಷಯಕ್ಕೆ ಬರೋಣ. ಮಕ್ಕಳು ಶ್ರುತಿ ತಪ್ಪುವುದಕ್ಕೆ ಎಷ್ಟೋ ಸಲ ದೊಡ್ಡವರೇ ಕಾರಣ. ದೊಡ್ಡವರು ತಮಗೆ ಅನುಕೂಲವಾದ ಶ್ರುತಿಯಲ್ಲಿ ಹಾಡು ಶುರು ಮಾಡುತ್ತಾರೆ. ಅದು ಮಕ್ಕಳಿಗೆ ತೀರಾ ಕೆಳಗೆ. ಅವರ ಧ್ವನಿತಂತುಗಳು ಇನ್ನೂ ಪುಟ್ಟವು, ಅಷ್ಟು ಕೆಳಗಿನ ಸ್ವರ ಅವುಗಳಿಂದ ಬರುವುದಿಲ್ಲ. ಆಗ ಮಗು ಹಾಡುವ ಬದಲು ಗೊಣಗುತ್ತದೆ, ಇಲ್ಲವೇ ಕೂಗುತ್ತದೆ. ಮೇಷ್ಟ್ರು ಗಂಡಸಾದರೆ ಇನ್ನೊಂದು ತೊಡಕು. ಅವರ ದನಿ ಮಗುವಿನ ದನಿಗಿಂತ ಒಂದು ಸ್ಥಾಯಿ ಕೆಳಗಿರುತ್ತದೆ. ಅದೇ ಸ್ವರವನ್ನು ಮೇಲೆ ಹಾಡಬೇಕು ಎಂದು ಕೆಲವು ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ, ಕೆಲವಕ್ಕೆ ಹೊಳೆಯುವುದಿಲ್ಲ. ಹೊಳೆಯದ ಮಗು ಮೇಷ್ಟ್ರ ದನಿಯನ್ನೇ ಅನುಕರಿಸಲು ಹೋಗಿ ಕೆಳಗೆ ಗುರುಗುಟ್ಟುತ್ತದೆ. ಪಾಪ, ಅದು ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದೆ! ಇದಕ್ಕೆ ಮದ್ದು ಸುಲಭ. ಹಾಡನ್ನು ನಾಲ್ಕೈದು ಸ್ವರ ಮೇಲಿಂದ ಶುರು ಮಾಡಿ. ಚೆನ್ನಾಗಿ ಹಾಡುವ ಇನ್ನೊಂದು ಮಗುವಿನಿಂದ ಹೇಳಿಸಿ, ಮಗು ಮಗುವನ್ನು ಬೇಗ ಹಿಡಿಯುತ್ತದೆ. ಎಷ್ಟೋ ಮಕ್ಕಳ "ಬರಲ್ಲ" ಅಲ್ಲಿಗೇ ಮುಗಿಯುತ್ತದೆ.

ಇನ್ನು ಹನ್ನೆರಡು-ಹದಿಮೂರರ ಹುಡುಗರು. ಅವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಆ ವಯಸ್ಸಿನಲ್ಲಿ ಗಂಟಲಿನ ಪೆಟ್ಟಿಗೆ ಬೇಗ ಬೇಗ ಬೆಳೆಯುತ್ತದೆ. ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಕೊನೆಗೆ ದನಿ ಒಂದು ಸ್ಥಾಯಿಯಷ್ಟು ಕೆಳಗಿಳಿದು ನಿಲ್ಲುತ್ತದೆ. ನಡುವಿನ ತಿಂಗಳುಗಳಲ್ಲಿ ದನಿ ಒಡೆಯುತ್ತದೆ. ನಿನ್ನೆ ಬಂದ ಸ್ವರ ಇವತ್ತು ಬರುವುದಿಲ್ಲ. ಅಲ್ಲಿಯವರೆಗೆ ಶಾಲೆಗೇ ಚೆನ್ನಾಗಿ ಹಾಡುತ್ತಿದ್ದ ಹುಡುಗ ಕೂಡ ಎಲ್ಲರ ಎದುರು ಕೀರಲು ದನಿ ಬಂದು ತಲೆ ತಗ್ಗಿಸುತ್ತಾನೆ. ಉಳಿದವರು ನಗುತ್ತಾರೆ. ಆಗ ನಾವು ಅವನಿಗೆ "ಸ್ವಲ್ಪ ದಿನ ಸುಮ್ನಿರು" ಅಂದರೆ ಅವನು ಜೀವನಪೂರ್ತಿ ಸುಮ್ಮನಾಗುವ ಅಪಾಯ ಇದೆ. ಹಾಡುವ ಗಂಡಸರು ಸಿಗುವುದಿಲ್ಲ ಎಂದು ವೃಂದ ನಡೆಸುವವರೆಲ್ಲ ಕೊರಗುತ್ತೇವಲ್ಲ, ಅವರನ್ನು ಕಳೆದುಕೊಳ್ಳುವುದು ಈ ವಯಸ್ಸಿನಲ್ಲಿಯೇ. ಆ ಹುಡುಗನಿಗೆ ಬರುವ ನಾಲ್ಕೇ ಸ್ವರಗಳಲ್ಲಿ ಒಂದು ಸಣ್ಣ ಸಾಲು ಕೂರಿಸಿಕೊಡಬಹುದು. ದನಿ ಇಳಿದ ಹಾಗೆ ಆ ಸಾಲನ್ನೂ ಕೆಳಗಿಳಿಸಬಹುದು. ಗಂಟಲಿಗೆ ಒತ್ತಡ ಹಾಕದೆ ಮೆಲ್ಲಗೆ ಹಾಡಿದರೆ ತೊಂದರೆ ಇಲ್ಲ. ನಾನು ಅವರಿಗೆ ಆಗುತ್ತಿರುವುದನ್ನು ಬಿಡಿಸಿ ಹೇಳುತ್ತೇನೆ. ಧ್ವನಿತಂತುಗಳ ಚಿತ್ರ ಬರೆದು ತೋರಿಸುತ್ತೇನೆ. "ನಿಮ್ಮ ದನಿ ಕೆಟ್ಟಿಲ್ಲ ಕಣ್ರೋ, ಬೆಳೀತಾ ಇದೆ" ಎಂದು ಹೇಳಿದ ದಿನ ಅವರ ಮುಖ ನೋಡಬೇಕು.

ಎಲ್ಲರಿಗೂ ಹಾಡು ಕಲಿಸಬಹುದು ಅನ್ನುವುದು ನನ್ನ ಒಬ್ಬಳ ಹಟ ಅಲ್ಲ. ಸಾವಿರ ವರ್ಷದ ಹಿಂದೆ ಇಟಲಿಯಲ್ಲಿ ಅರೆಝೋದ ಗ್ವಿಡೊ ಎಂಬ ಸನ್ಯಾಸಿ ಮಠದ ಹುಡುಗರಿಗೆ ಹಾಡು ಕಲಿಸುತ್ತಿದ್ದ. ಒಂದೊಂದು ಹಾಡನ್ನೂ ಬಾಯಿಪಾಠ ಮಾಡಿಸಿ ಮಾಡಿಸಿ ಸಾಕಾಗಿತ್ತು. ಸ್ವರಗಳಿಗೆ ಉತ್, ರೆ, ಮಿ, ಫಾ, ಸೋಲ್, ಲಾ ಎಂದು ಹೆಸರಿಟ್ಟು, ಗೆರೆಗಳ ಮೇಲೆ ಬರೆದು ಕಲಿಸಿದ. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಒಂದೆರಡು ವರ್ಷದಲ್ಲಿ ಆಗುತ್ತದೆ ಎಂದು ಗೆಳೆಯನಿಗೆ ಪತ್ರದಲ್ಲಿ ತಿಳಿಸಿದ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಮಕ್ಕಳಿಗಾಗಿ ಇನ್ನೂ ಸುಲಭದ ದಾರಿ ಮಾಡಿದರು. ಜಾನ್ ಕರ್ವೆನ್ ಎಂಬ ಪಾದ್ರಿ ಅದನ್ನು ತಿದ್ದಿ ಬೆಳೆಸಿದರು. ಒಂದೊಂದು ಸ್ವರಕ್ಕೂ ಒಂದೊಂದು ಕೈಸನ್ನೆ ಜೋಡಿಸಿದರು. ಆ ದಾರಿಯಲ್ಲಿ ಕೂಲಿ ಕಾರ್ಮಿಕರು ಕೂಡ ದೊಡ್ಡ ದೊಡ್ಡ ವೃಂದಗಳಲ್ಲಿ ನಿಂತು ನಾಲ್ಕು ದನಿಯ ಹಾಡು ಹಾಡಿದರು. ಮುಂದೆ ಹಂಗೇರಿಯ ಸಂಗೀತ ರಚನಕಾರ ಝೊಲ್ತಾನ್ ಕೊದಾಯ್ ಆ ಕೈಸನ್ನೆಗಳನ್ನೇ ತಮ್ಮ ದೇಶದ ಶಾಲೆಗಳಿಗೆ ತಂದರು. 1950ರಲ್ಲಿ ಅವರ ಹುಟ್ಟೂರಾದ ಕೆಚ್ಕೆಮೇತ್‌ನಲ್ಲಿ ಮಕ್ಕಳು ದಿನಾ ಹಾಡುವ ಪ್ರಾಥಮಿಕ ಶಾಲೆ ಶುರುವಾಯಿತು. ನಾನೂ ತರಗತಿಯಲ್ಲಿ ಆ ಕೈಸನ್ನೆ ಬಳಸುತ್ತೇನೆ. ಮುಷ್ಟಿ ಹಿಡಿದರೆ ಷಡ್ಜ. ಅಂಗೈ ಎದೆಯ ಕಡೆ ತಿರುಗಿಸಿ ಅಡ್ಡ ಹಿಡಿದರೆ ಪಂಚಮ. ದನಿ ಎಲ್ಲಿದೆ ಎಂದು ಕಣ್ಣಿಗೂ ಕೈಗೂ ಗೊತ್ತಾದರೆ ಗಂಟಲಿಗೆ ದಾರಿ ಸಿಗುತ್ತದೆ.

ದೊಡ್ಡವರ ವೃಂದದಲ್ಲಿ ನನ್ನ ಕೆಲಸ ಏನು ಅಂತಲೂ ಹೇಳಬೇಕು. ಮುಂದೆ ನಿಂತು ಕೈ ಬೀಸುವುದು ಅಂದುಕೊಂಡವರೇ ಜಾಸ್ತಿ. ಕೈಗಿಂತ ಮೊದಲು ಉಸಿರು. ನಾನು ಹೇಗೆ ಉಸಿರು ಎಳೆದುಕೊಳ್ಳುತ್ತೇನೋ ಎದುರಿಗಿರುವವರೂ ಹಾಗೇ ಎಳೆದುಕೊಳ್ಳುತ್ತಾರೆ. ನಾನು ಭುಜ ಎತ್ತಿ ಮೇಲುಸಿರು ತೆಗೆದರೆ ಅವರ ಮೊದಲ ಸ್ವರವೇ ಬಿಗಿಯಾಗಿ ಬರುತ್ತದೆ. ಹೊಟ್ಟೆ ತುಂಬ ನಿಧಾನವಾಗಿ ತೆಗೆದರೆ ದನಿ ಹಗುರವಾಗಿ ಬರುತ್ತದೆ. ಉದ್ದನೆಯ ಸಾಲಿನಲ್ಲಿ ಎಲ್ಲರೂ ಒಂದೇ ಕಡೆ ಉಸಿರು ತೆಗೆದರೆ ಹಾಡು ಕಡಿದುಹೋಗುತ್ತದೆ. ಅದಕ್ಕೆ ಪಕ್ಕದವರು ತೆಗೆಯದ ಕಡೆ ನೀವು ತೆಗೀರಿ, ಮೆಲ್ಲಗೆ ಹೊರಗೆ ಹೋಗಿ ಮೆಲ್ಲಗೆ ಒಳಗೆ ಬನ್ನಿ ಎಂದು ಹೇಳಿಕೊಡುತ್ತೇನೆ. ಒಬ್ಬರಿಂದ ಆಗದಷ್ಟು ಉದ್ದದ ಸ್ವರವನ್ನು ಎಲ್ಲರೂ ಸೇರಿ ಹಿಡಿಯುತ್ತಾರೆ. ಯಾರು ಎಲ್ಲಿ ಉಸಿರು ತೆಗೆದರು ಎಂದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ಉಚ್ಚಾರಣೆ. ಮಾತಾಡುವಾಗ ನಮ್ಮಲ್ಲಿ ಎಷ್ಟೋ ಜನ "ಎಲ್ಲ" ಅನ್ನುವುದನ್ನು "ಯೆಲ್ಲ" ಅನ್ನುತ್ತೇವೆ, "ಒಂದು" ಅನ್ನುವುದನ್ನು "ವೊಂದು" ಅನ್ನುತ್ತೇವೆ. ಅರ್ಧ ಜನ ಹಾಗೆ, ಅರ್ಧ ಜನ ಹೀಗೆ ಹಾಡಿದರೆ ಪದ ಮಸುಕಾಗುತ್ತದೆ. ಸ್ವರ ಸರಿ ಇದ್ದರೂ ಶ್ರುತಿ ಬಿಟ್ಟ ಹಾಗೆ ಕೇಳಿಸುತ್ತದೆ. "ಆ" ಎನ್ನುವಾಗ ಒಬ್ಬರು ಬಾಯಿ ಅಗಲ ಮಾಡಿ, ಇನ್ನೊಬ್ಬರು ಉದ್ದ ಮಾಡಿ ಹಾಡಿದರೂ ಹೀಗೇ ಆಗುತ್ತದೆ. ಬಾಯಿಯ ಆಕಾರ ಒಂದು ಮಾಡಿದ ಮೇಲೆ ಎಷ್ಟೋ ಅಪಸ್ವರ ತಾನಾಗಿ ಹೋಗುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ವೃಂದದಲ್ಲಿ ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ ಒಬ್ಬರ ಕಡೆ ಬೆರಳು ತೋರಿಸುವುದು ಎಲ್ಲರಿಗೂ ಅಭ್ಯಾಸ ಆಗಿದೆ. ಹುಡುಕಿ ನೋಡಿದರೆ ಹೆಚ್ಚಿನ ಸಲ ಅದು ಎಲ್ಲರ ಬಾಯಿಯಲ್ಲೂ ಇರುತ್ತದೆ.

ಪ್ರಾಕ್ಟೀಸ್ ಮುಗಿದ ಮೇಲೂ ಕೆಲಸ ಇರುತ್ತದೆ. ಕುರ್ಚಿ ಜೋಡಿಸಬೇಕು, ಹಾಡಿನ ಹಾಳೆಗಳಲ್ಲಿ ಉಸಿರಿನ ಗುರುತು ಹಾಕಬೇಕು, ಯಾರಿಗೋ ಮೇಲಿನ ಸ್ವರ ಕಷ್ಟ ಎಂದು ಶ್ರುತಿ ಇಳಿಸಿ ಮತ್ತೆ ಬರೆಯಬೇಕು. ದಿನವಿಡೀ ಶಾಲೆಯಲ್ಲಿ ಮಾತಾಡಿ ಹಾಡಿ ಸಂಜೆಗೆ ನನ್ನದೇ ಗಂಟಲು ಸೋತಿರುತ್ತದೆ. ಬೇಜಾರಿನಿಂದ ಹೇಳುತ್ತಿಲ್ಲ. ಈ ಕೆಲಸ ನನಗೆ ಇಷ್ಟ.

ಜೊತೆಯಾಗಿ ಹಾಡಿದಾಗ ಏನೋ ಆಗುತ್ತದೆ ಎಂದು ಹಾಡಿದವರಿಗೆಲ್ಲ ಗೊತ್ತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ಯೋರ್ನ್ ವಿಕ್‌ಹಾಫ್ ಎಂಬ ಸಂಶೋಧಕ ಮತ್ತು ಜೊತೆಗಾರರು ಒಟ್ಟಿಗೆ ಹಾಡುವವರ ಎದೆಬಡಿತ ಅಳೆದರು. ಒಂದೇ ಲಯದಲ್ಲಿ ಉಸಿರು ತೆಗೆದು ಹಾಡುವಾಗ ಅವರ ಎದೆಬಡಿತ ಒಟ್ಟೊಟ್ಟಿಗೆ ಏರಿ ಒಟ್ಟೊಟ್ಟಿಗೆ ಇಳಿಯುತ್ತದೆ ಎಂದು 2013ರಲ್ಲಿ ಪ್ರಕಟಿಸಿದರು. 2015ರಲ್ಲಿ ಐಲುನೆಡ್ ಪಿಯರ್ಸ್, ಜಾಕ್ ಲೋನೆ, ರಾಬಿನ್ ಡನ್‌ಬಾರ್ ಎಂಬ ಸಂಶೋಧಕರು ಇನ್ನೊಂದು ಅಧ್ಯಯನ ಪ್ರಕಟಿಸಿದರು. ವಯಸ್ಕರ ಹಾಡಿನ ತರಗತಿಗಳನ್ನು ಬರವಣಿಗೆ, ಕರಕುಶಲದ ತರಗತಿಗಳ ಜೊತೆ ಹೋಲಿಸಿದರು. ತಿಂಗಳುಗಳು ಕಳೆದ ಮೇಲೆ ಎಲ್ಲ ತರಗತಿಯವರೂ ಒಬ್ಬರಿಗೊಬ್ಬರು ಹತ್ತಿರವಾಗಿದ್ದರು. ಆದರೆ ಹಾಡಿದವರು ಶುರುವಿನಲ್ಲೇ ಬೇಗ ಹತ್ತಿರವಾಗಿದ್ದರು. ಅಪರಿಚಿತರ ನಡುವಿನ ಬಿಗುವು ಹಾಡಿನಿಂದ ಬೇಗ ಸಡಿಲವಾಗುತ್ತದೆ.

ಎಸ್ಟೋನಿಯ ಎಂಬ ಪುಟ್ಟ ದೇಶದಲ್ಲಿ ಮೊದಲ ಹಾಡುಹಬ್ಬ ನಡೆದದ್ದು 1869ರಲ್ಲಿ, ತಾರ್ತು ಎಂಬ ಊರಿನಲ್ಲಿ. ಅಲ್ಲಿನ ಜನ ಪರಕೀಯರ ಆಳ್ವಿಕೆಯಲ್ಲೂ ಆ ಹಬ್ಬ ಬಿಡಲಿಲ್ಲ. 1988ರಲ್ಲಿ ರಾಜಧಾನಿ ತಾಲಿನ್‌ನ ಹಾಡಿನ ಬಯಲಿನಲ್ಲಿ ರಾತ್ರಿಗಟ್ಟಲೆ ಸೇರಿ ಹಾಡಿದರು. 1991ರಲ್ಲಿ ಸ್ವತಂತ್ರರಾದರು. ಆ ಚಳವಳಿಯನ್ನು ಈಗಲೂ ಹಾಡಿನ ಕ್ರಾಂತಿ ಎಂದೇ ಕರೆಯುತ್ತಾರೆ. ಆ ಬಯಲಿನಲ್ಲಿ ನಿಂತವರಿಗೆ ಯಾರಾದರೂ ದನಿ ಪರೀಕ್ಷೆ ಮಾಡಿದ್ದರಾ?

ನಮ್ಮ ವೃಂದಕ್ಕೆ ಪಾರ್ಶ್ವವಾಯು ಆಗಿ ಮಾತು ಕಳೆದುಕೊಂಡವರೊಬ್ಬರು ಬರುತ್ತಾರೆ. ಹೆಂಡತಿ ಕೈ ಹಿಡಿದು ಕರೆದುಕೊಂಡು ಬರುತ್ತಾರೆ. ತಮ್ಮ ಹೆಸರು ಹೇಳಲೂ ಅವರಿಗೆ ಪದ ಸಿಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಹಾಡು ಶುರುವಾದರೆ ಮಾತ್ರ ಪದಗಳು ಒಂದೊಂದಾಗಿ ಬರುತ್ತಿದ್ದವು. ಇದು ಪವಾಡ ಅಲ್ಲ. ಹೆಚ್ಚಿನವರಲ್ಲಿ ಮಾತು ಮೆದುಳಿನ ಎಡಭಾಗವನ್ನು ನೆಚ್ಚಿಕೊಂಡಿರುತ್ತದೆ. ಹಾಡಿಗೆ ಬಲಭಾಗವೂ ಕೆಲಸ ಮಾಡುತ್ತದೆ. ಎಡಕ್ಕೆ ಪೆಟ್ಟು ಬಿದ್ದಾಗ ಮಾತು ಹೋದರೂ ಹಾಡು ಉಳಿಯಬಹುದು. ಇದನ್ನು ಬಳಸಿಕೊಂಡೇ 1973ರಲ್ಲಿ ಅಮೆರಿಕದ ವೈದ್ಯರು, ವಾಕ್‌ ತಜ್ಞರು ಸ್ವರದ ಮೂಲಕ ಮಾತು ಕಲಿಸುವ ಒಂದು ಚಿಕಿತ್ಸೆ ರೂಪಿಸಿದರು. ನಾನು ವೈದ್ಯೆ ಅಲ್ಲ, ಚಿಕಿತ್ಸೆ ಅವರು ಬೇರೆ ಕಡೆ ಪಡೆಯುತ್ತಿದ್ದಾರೆ. ನನಗೆ ಹೇಳಬೇಕಾಗಿರುವುದು ಇಷ್ಟು: ಅವರೊಳಗೆ ಹಾಡು ಇತ್ತು. ಯಾಕೆಂದರೆ ಚಿಕ್ಕಂದಿನಲ್ಲಿ ಅವರಿಗೆ ಹಾಡಲು ಬಿಟ್ಟಿದ್ದರು. "ಬಾಯಾಡಿಸು" ಅಂದಿದ್ದರೆ?

2020ರಲ್ಲಿ ಕೊರೊನಾ ಬಂದಾಗ ಎಲ್ಲ ಕಡೆ ವೃಂದಗಳು ನಿಂತವು. ನಿಲ್ಲಿಸಲೇಬೇಕಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್‌ನಲ್ಲಿ ಮಾರ್ಚ್ 10ರಂದು ಒಂದು ವೃಂದದ 61 ಜನ ಎರಡೂವರೆ ಗಂಟೆ ಪ್ರಾಕ್ಟೀಸ್ ಮಾಡಿದರು. ಅವರಲ್ಲಿ 53 ಜನಕ್ಕೆ ಸೋಂಕು ತಗುಲಿತ್ತು ಎಂದು ಲೆಕ್ಕ ಸಿಕ್ಕಿತು, ಇಬ್ಬರು ತೀರಿಕೊಂಡರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ವಿಡಿಯೊ ಕಾಲ್‌ನಲ್ಲಿ ಹಾಡಲು ನೋಡಿದೆವು. ಇಂಟರ್‌ನೆಟ್‌ನಲ್ಲಿ ದನಿ ಒಂದಿಷ್ಟು ತಡವಾಗಿ ತಲುಪುತ್ತದೆ, ಹಾಗಾಗಿ ಒಟ್ಟಿಗೆ ಹಾಡುವುದು ಆಗದ ಮಾತು. ಎಲ್ಲರ ಮೈಕ್ ಮುಚ್ಚಿಸಿ ನಾನೊಬ್ಬಳೇ ಹಾಡುತ್ತಿದ್ದೆ. ಅವರವರ ಮನೆಯಲ್ಲಿ ಅವರವರು ಹಾಡುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಬರೀ ಆಡುವ ಬಾಯಿಗಳು. ಒಂದು ದನಿಯೂ ಇಲ್ಲ. ನಿವೃತ್ತ ನರ್ಸ್ ಅಂದೆನಲ್ಲ, ಅವರು ಆಗ ಫೋನ್ ಮಾಡಿ, "ಶಾಲೇಲಿ ನನಗೆ ಹೀಗೇ ಇತ್ತು ಮೇಡಂ" ಅಂದರು. ಮತ್ತೆ ಸೇರಿದಾಗಿನಿಂದ ನಾವು ಎಲ್ಲ ಕಿಟಕಿ ತೆರೆದೇ ಹಾಡುತ್ತೇವೆ. ನೆಗಡಿ-ಜ್ವರ ಇದ್ದವರು ಬರುವುದಿಲ್ಲ.

ಶಾಲೆಗಳನ್ನು ನಡೆಸುವವರಿಗೆ ಒಂದು ಮಾತು. ಪರೀಕ್ಷೆ ಹತ್ತಿರ ಬಂದ ಕೂಡಲೇ ಸಂಗೀತದ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ವೇಳಾಪಟ್ಟಿಯಲ್ಲಿ ಹೆಸರು ಮಾತ್ರ ಉಳಿಯುತ್ತದೆ. ಕಾರ್ಯಕ್ರಮಕ್ಕೆ ಎರಡು ವಾರ ಇದ್ದಾಗ ಮಾತ್ರ "ಒಂದು ಹಾಡು ರೆಡಿ ಮಾಡಿ ಟೀಚರ್" ಎಂದು ಬರುತ್ತಾರೆ. ಎರಡು ವಾರದಲ್ಲಿ ಎಲ್ಲರಿಗೂ ಕಲಿಸಲು ಆಗುವುದಿಲ್ಲ. ಆಗ ಏನಾಗುತ್ತದೆ? ಮೊದಲೇ ಹಾಡಲು ಬರುವ ಹತ್ತು ಮಕ್ಕಳನ್ನು ಆರಿಸಿಕೊಳ್ಳುತ್ತೇವೆ, ಉಳಿದವರನ್ನು ಪರದೆ ಎಳೆಯಲು ನಿಲ್ಲಿಸುತ್ತೇವೆ. ಬಾಯಾಡಿಸು ಅನ್ನುವ ಮಾತು ಹುಟ್ಟುವುದು ಆ ಎರಡು ವಾರದಲ್ಲಿ. ಆ ಮಾತು ಆಡಿದ ಎಲ್ಲ ಟೀಚರುಗಳೂ ಕೆಟ್ಟವರು ಅಂತ ನಾನು ನಂಬುವುದಿಲ್ಲ. ಅವರಿಗೆ ಸಮಯ ಕೊಟ್ಟಿರಲಿಲ್ಲ. ವಾರಕ್ಕೆ ಒಂದೇ ಪೀರಿಯಡ್ ಆದರೂ ಸರಿ, ವರ್ಷಪೂರ್ತಿ ಬಿಡದೆ ಕೊಡಿ. ಪರಿಣಾಮ ನೀವೇ ನೋಡುತ್ತೀರಿ.

ಸ್ಪರ್ಧೆ ನಡೆಸುವವರೇ, ತಂಡದಲ್ಲಿ ಇಷ್ಟೇ ಮಕ್ಕಳು ಇರಬೇಕು ಎಂದು ಕಡಿಮೆ ಸಂಖ್ಯೆ ಹಾಕಬೇಡಿ. ಇಡೀ ತರಗತಿ ಬಂದು ಹಾಡುವ ಒಂದು ವಿಭಾಗ ಇಡಿ. ಒಬ್ಬ ಮಗುವೂ ಹೊರಗುಳಿಯದೆ ಇಡೀ ತರಗತಿ ಹಾಡಿದರೆ ಅದಕ್ಕೇ ಅಂಕ ಕೊಡಿ. ತುಂಬಾ ಚೆನ್ನಾಗಿ ಹಾಡುವ ಮಗುವಿಗೆ ಇದರಿಂದ ನಷ್ಟ ಇಲ್ಲ. ಒಬ್ಬಂಟಿಯಾಗಿ ಹಾಡಲು ಅದಕ್ಕೆ ಬೇರೆ ಪಾಠ, ಬೇರೆ ವೇದಿಕೆ ಬೇಕು, ಅದು ನಿಜ. ಆದರೆ ತನ್ನ ದನಿ ತಗ್ಗಿಸಿ ಪಕ್ಕದವರದ್ದು ಕೇಳಿಸಿಕೊಳ್ಳುವುದನ್ನು ಅದು ವೃಂದದಲ್ಲಿಯೇ ಕಲಿಯಬೇಕು.

ಅಪ್ಪ-ಅಮ್ಮಂದಿರೇ, ಮಗು ಮನೆಯಲ್ಲಿ ತಪ್ಪು ಸ್ವರದಲ್ಲಿ ಹಾಡಿದರೆ ನಗಬೇಡಿ. ಜೊತೆಗೆ ಹಾಡಿ. ನಿಮಗೂ "ಬರಲ್ಲ" ಎಂದು ಯಾರೋ ಹೇಳಿದ್ದರೆ ಅದನ್ನು ಮಗುವಿಗೆ ದಾಟಿಸಬೇಡಿ.

ಕೊನೆಗೆ ನನ್ನ ಜೊತೆಗಾರ ಶಿಕ್ಷಕರಿಗೆ, ಮುಂದಿನ ಕಾರ್ಯಕ್ರಮಕ್ಕೆ ಕೆಲಸಕ್ಕೆ ಬರುವ ಒಂದೆರಡು ವಿಷಯ. ಶ್ರುತಿ ತಡಕಾಡುವ ಮಗುವನ್ನು ಸಾಲಿನ ತುದಿಯಲ್ಲಿ ನಿಲ್ಲಿಸಬೇಡಿ. ತುದಿಯಲ್ಲಿ ಒಂದೇ ಕಡೆಯಿಂದ ಕೇಳಿಸುತ್ತದೆ, ಮಗು ಒಂಟಿಯಾಗುತ್ತದೆ. ನಡುವೆ ನಿಲ್ಲಿಸಿ. ಎರಡೂ ಪಕ್ಕದಲ್ಲಿ ಗಟ್ಟಿಯಾಗಿ ಶ್ರುತಿ ಹಿಡಿಯುವವರು ಇರಲಿ. ಹಿಂದಿನ ಸಾಲಿನಲ್ಲಿ, ಸರಿಯಾಗಿ ಅದರ ಬೆನ್ನಿಗೆ, ಎಲ್ಲರಿಗಿಂತ ಚೆನ್ನಾಗಿ ಹಾಡುವ ಮಗುವನ್ನು ನಿಲ್ಲಿಸಿ. ದನಿ ಹಿಂದಿನಿಂದ ಕಿವಿಗೆ ಬಿದ್ದರೆ ಮಗು ತನಗೆ ಗೊತ್ತಿಲ್ಲದೆಯೇ ಅದನ್ನು ಹಿಡಿಯುತ್ತದೆ. ವಾದ್ಯದಿಂದ, ಡ್ರಮ್‌ನಿಂದ ದೂರ ಇಡಿ. ಮೊದಲ ಕೆಲವು ವಾರ ಮೆಲ್ಲಗೆ ಹಾಡಲು ಹೇಳಿ. ಮೆಲ್ಲಗೆ ಹಾಡುವುದು ಬೇರೆ, ಬಾಯಾಡಿಸುವುದು ಬೇರೆ. ಆಮೇಲೆ ಒಂದು ದಿನ ಇಡೀ ಗುಂಪನ್ನು ಹಾಡಿಸುತ್ತಾ ಆ ಮಗುವಿನ ಹತ್ತಿರ ಹೋಗಿ ಕಿವಿಗೊಟ್ಟು ಕೇಳಿ. ಸ್ವರ ಸಿಕ್ಕಿದ್ದರೆ ಅದೇ ಕ್ಷಣದಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, ಆ ಮಗುವಿಗೆ ಹೇಳಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಂಗೀತ ಶಿಕ್ಷಕಿ